ಹಾರಿದ ಹೆಣ್ಣುಮಕ್ಕಳ ಹಳೆಯ ಯುದ್ಧ ಕಾದಂಬರಿಗಳು: ಓದಿ ಸವಿಯುವವರಿಗೆ ಕೆಲವು ಸೂತ್ರಗಳು

ಎರಡನೇ ಮಹಾಯುದ್ಧ ನಡೆಯುತ್ತಿದ್ದಾಗಲೇ ಇಂಗ್ಲೆಂಡಿನಲ್ಲಿ ಒಂದು ಬಗೆಯ ಸಾಹಸ ಕಾದಂಬರಿಗಳು ಬಂದವು. ನಾಯಕಿ ಪೈಲಟ್. ಶತ್ರುವಿನ ನೆಲದ ಮೇಲೆ ರಾತ್ರಿಹೊತ್ತು ವಿಮಾನ ಇಳಿಸುತ್ತಾಳೆ, ಗೂಢಚಾರರ ಜಾಡು ಹಿಡಿಯುತ್ತಾಳೆ, ಮೇಲಧಿಕಾರಿ ಬೇಡ ಅಂದ ಕೆಲಸವನ್ನೇ ಮಾಡಿ ಬರುತ್ತಾಳೆ. ಮದ್ರಾಸಿನ ಇಂಗ್ಲಿಷ್ ಶಾಲೆಗಳಲ್ಲಿ ಓದಿದ ಒಂದು ತಲೆಮಾರಿಗೆ ಈ ಪುಸ್ತಕಗಳ ಪರಿಚಯ ಚೆನ್ನಾಗಿತ್ತು. ಅಡ್ಯಾರಿನ ಗಾಂಧಿನಗರ, ಕಸ್ತೂರಬಾ ನಗರದ ಹಳೆಯ ಮನೆಗಳು ಒಂದೊಂದಾಗಿ ಅಪಾರ್ಟ್‌ಮೆಂಟ್ ಆಗುತ್ತಿರುವ ಈ ಕಾಲದಲ್ಲಿ ಅಟ್ಟ ಖಾಲಿ ಮಾಡುವಾಗ ಇಂಥ ಪ್ರತಿಗಳು ಈಗಲೂ ಹೊರಬರುತ್ತವೆ. ದಯವಿಟ್ಟು ರದ್ದಿಗೆ ಹಾಕಬೇಡಿ. ಓದಿ.

ಸುಮ್ಮನೆ ಓದಿದರೂ ಖುಷಿ ಸಿಗುತ್ತದೆ. ಆದರೆ ಆ ಕಾಲದಲ್ಲಿ ನಿಜವಾಗಿ ಹಾರಿದ ಹೆಂಗಸರ ಚರಿತ್ರೆಯನ್ನು ಪಕ್ಕದಲ್ಲಿಟ್ಟುಕೊಂಡು ಓದಿದರೆ ಪುಸ್ತಕದ ಒಂದೊಂದು ಪುಟಕ್ಕೂ ಬೇರೆ ತೂಕ ಬರುತ್ತದೆ. ಆ ಚರಿತ್ರೆಯ ಒಂದು ಪಾಲು ಮೈಸೂರು ಸೀಮೆಯದು, ಇನ್ನೊಂದು ಪಾಲು ಮದ್ರಾಸಿನದು. ಕನ್ನಡಿಗರಾಗಿ ಅಡ್ಯಾರಿನಲ್ಲಿ ಇರುವವರಿಗೆ ಎರಡೂ ಮನೆಯ ಮಾತೇ.

1. ಮೊದಲ ಮೂರು ಪುಸ್ತಕಗಳಿಂದ ಶುರು ಮಾಡಿ.

ಈ ಜಾತಿಯ ಕಾದಂಬರಿಗಳಲ್ಲಿ ಮುಂದೆ ನಿಲ್ಲುವುದು ಡಬ್ಲ್ಯು. ಇ. ಜಾನ್ಸ್ ಬರೆದ 'ವೊರಲ್ಸ್' ಸರಣಿ. ಬಿಗಲ್ಸ್ ಎಂಬ ಪೈಲಟ್‌ನನ್ನು 1932ರಲ್ಲಿ ಸೃಷ್ಟಿಸಿ ಹೆಸರು ಮಾಡಿದ್ದ ಲೇಖಕ ಇವರೇ. ನಾಯಕಿಯ ಪೂರ್ತಿ ಹೆಸರು ಜೋನ್ ವೊರಲ್ಸನ್, ಜೊತೆಗಾತಿ ಬೆಟ್ಟಿ ಲೊವೆಲ್. ಮುಖದ ತುಂಬ ಕಂದುಚುಕ್ಕೆ ಇರುವುದರಿಂದ ಬೆಟ್ಟಿಯನ್ನು ಎಲ್ಲರೂ ಫ್ರೆಕ್ಸ್ ಅಂತ ಕರೆಯುತ್ತಾರೆ. ಕಥೆ 1940ರಲ್ಲಿ 'ಗರ್ಲ್ಸ್ ಓನ್ ಪೇಪರ್' ಎಂಬ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಆರಂಭವಾಯಿತು, 1941ರಲ್ಲಿ ಪುಸ್ತಕವಾಯಿತು. 1950ರ ತನಕ ಒಟ್ಟು 11 ಪುಸ್ತಕ ಬಂದವು.

ನನ್ನ ಲೆಕ್ಕದಲ್ಲಿ 'ವೊರಲ್ಸ್ ಆಫ್ ದ ಡಬ್ಲ್ಯು.ಎ.ಎ.ಎಫ್.', 'ವೊರಲ್ಸ್ ಕ್ಯಾರೀಸ್ ಆನ್', 'ವೊರಲ್ಸ್ ಫ್ಲೈಸ್ ಅಗೇನ್', ಈ ಮೂರೇ ಅತ್ಯುತ್ತಮ. ಮೂರನೆಯದರಲ್ಲಿ ಜರ್ಮನ್ನರ ಹಿಡಿತದಲ್ಲಿರುವ ಫ್ರಾನ್ಸಿನ ಒಂದು ಹಳೆಯ ಬಂಗಲೆಯಲ್ಲಿ ಪುಟ್ಟ ವಿಮಾನವೊಂದನ್ನು ಬಚ್ಚಿಟ್ಟುಕೊಂಡು ಸುದ್ದಿ ಸಾಗಿಸುವ ಕಥೆಯಿದೆ. ಜಾನ್ಸ್ ಇಷ್ಟು ಬಿಗಿಯಾಗಿ ಮತ್ತೆ ಬರೆಯಲಿಲ್ಲ ಎಂದೇ ನನ್ನ ಅಭಿಪ್ರಾಯ. ಯುದ್ಧ ಮುಗಿದ ಮೇಲಿನ ಐದು ಪುಸ್ತಕಗಳಲ್ಲಿ ವೊರಲ್ಸ್ ಅದೇ ಧೈರ್ಯದವಳು, ಆದರೆ ಅವಳ ಎದುರಿಗೆ ನಿಲ್ಲುವ ಅಪಾಯಕ್ಕೆ ಮೊದಲಿನ ಕಸುವಿಲ್ಲ. ಅವನ್ನು ಕೊನೆಗಿಡಿ.

2. ಬರೆದವನು ಯಾರು, ಬರೆಸಿದವರು ಯಾರು ಎಂದು ತಿಳಿದುಕೊಂಡು ಓದಿ.

ಜಾನ್ಸ್ ಸ್ವತಃ ಪೈಲಟ್. ಮೊದಲ ಮಹಾಯುದ್ಧದಲ್ಲಿ ಬಾಂಬರ್ ಹಾರಿಸುತ್ತಿದ್ದವರು. 1918ರ ಸೆಪ್ಟೆಂಬರ್‌ನಲ್ಲಿ ಅವರ ವಿಮಾನವನ್ನು ಜರ್ಮನ್ನರು ಹೊಡೆದುರುಳಿಸಿದರು. ಹಿಂದಿನ ಸೀಟಿನಲ್ಲಿದ್ದ ಜೊತೆಗಾರ ಸತ್ತ, ಜಾನ್ಸ್ ಸೆರೆ ಸಿಕ್ಕಿದರು. ಎಂಜಿನ್ ಸದ್ದು ಬದಲಾಗುವುದು, ಮೋಡದೊಳಗೆ ದಿಕ್ಕು ತಪ್ಪುವುದು, ಇಂಧನದ ಮುಳ್ಳು ಕೆಳಗಿಳಿಯುವುದು, ಇಂಥ ಜಾಗಗಳಲ್ಲಿ ಅವರ ಬರವಣಿಗೆ ಗಟ್ಟಿಯಾಗುವುದಕ್ಕೆ ಅನುಭವವೇ ಕಾರಣ.

ಬರೆಸಿದ್ದು ಯುದ್ಧದ ಅಗತ್ಯ. ವಾಯುಪಡೆಯ ಮಹಿಳಾ ಸಹಾಯಕ ದಳಕ್ಕೆ (ಡಬ್ಲ್ಯು.ಎ.ಎ.ಎಫ್.) ಹುಡುಗಿಯರು ಸೇರುವಂತೆ ಹುರಿದುಂಬಿಸುವ ಒಬ್ಬ ನಾಯಕಿ ಸರ್ಕಾರಕ್ಕೆ ಬೇಕಾಗಿದ್ದಳು. ಆ ದಳಕ್ಕೆ ಸೇರಿದ ಹೆಂಗಸರು ರೇಡಾರ್ ನೋಡಿದರು, ನಕ್ಷೆಯ ಮೇಜಿನ ಮೇಲೆ ಶತ್ರುವಿಮಾನದ ಗುರುತು ಸರಿಸಿದರು, ಪ್ಯಾರಾಶೂಟ್ ಮಡಚಿದರು, ವೈರ್‌ಲೆಸ್‌ನಲ್ಲಿ ಸುದ್ದಿ ಕಳಿಸಿದರು. ಆದರೆ ದಳದವರಾಗಿ ವಿಮಾನ ಹಾರಿಸಲು ಅವರಿಗೆ ಅನುಮತಿ ಇರಲಿಲ್ಲ. ಸಮವಸ್ತ್ರ ತೊಟ್ಟ ನಾಯಕಿ ಕಾದಂಬರಿಯಲ್ಲಿ ಹಾರುತ್ತಾಳೆ, ಗುಂಡು ಹಾರಿಸುತ್ತಾಳೆ. ಅದೇ ಸಮವಸ್ತ್ರ ತೊಟ್ಟ ಹುಡುಗಿ ನಿಜದಲ್ಲಿ ನೆಲದ ಮೇಲೆ ಉಳಿಯುತ್ತಾಳೆ. ಈ ಅಂತರ ಮನಸ್ಸಿನಲ್ಲಿದ್ದರೆ ವೊರಲ್ಸ್ ಸಿಡುಕುವ ಜಾಗಗಳೆಲ್ಲ ಅರ್ಥವಾಗುತ್ತವೆ. ಹೆಣ್ಣು ಅಂತ ಪಕ್ಕಕ್ಕೆ ಸರಿಸಿದಾಗ ಅವಳಿಗೆ ಬರುವ ಕೋಪ ಪುಸ್ತಕಕ್ಕಾಗಿ ಕಟ್ಟಿದ್ದಲ್ಲ.

3. ನಿಜವಾಗಿ ಹಾರಿದವರ ಚರಿತ್ರೆಯನ್ನು ಜೊತೆಗೇ ಓದಿ.

ಹಾರಿದವರು ಬೇರೆ ಸಂಸ್ಥೆಯವರು: ಏರ್ ಟ್ರಾನ್ಸ್‌ಪೋರ್ಟ್ ಆಕ್ಸಿಲಿಯರಿ, ಚಿಕ್ಕದಾಗಿ ಎ.ಟಿ.ಎ. ಕಾರ್ಖಾನೆಯಿಂದ ಹೊರಬಂದ ಯುದ್ಧವಿಮಾನವನ್ನು ವಾಯುನೆಲೆಗೆ ತಲುಪಿಸುವುದು ಅದರ ಕೆಲಸ. ಪಾಲಿನ್ ಗೋವರ್ ಎಂಬ ಅನುಭವಿ ಪೈಲಟ್ ಮುಂದಾಳತ್ವದಲ್ಲಿ 1940ರ ಜನವರಿಯಲ್ಲಿ ಎಂಟು ಮಂದಿ ಹೆಂಗಸರು ಸೇರಿದರು. ಮೊದಲು ಕೊಟ್ಟದ್ದು ಟೈಗರ್ ಮಾತ್ ಎಂಬ ತೆರೆದ ಕಾಕ್‌ಪಿಟ್ಟಿನ ತರಬೇತಿ ವಿಮಾನ. ಆ ಚಳಿಗಾಲದಲ್ಲಿ ಅದನ್ನು ಸ್ಕಾಟ್ಲೆಂಡಿನವರೆಗೆ ಹಾರಿಸಬೇಕು, ಮುಖಕ್ಕೆ ಹಿಮಗಾಳಿ ಹೊಡೆಯುತ್ತಿರುತ್ತದೆ. ಫೈಟರ್ ವಿಮಾನ ಅವರ ಕೈಗೆ ಬಂದದ್ದು 1941ರ ಜುಲೈಯಲ್ಲಿ. ವೊರಲ್ಸ್‌ನ ಮೊದಲ ಪುಸ್ತಕ ಹೊರಬಂದ ವರ್ಷವೂ ಅದೇ. 1943ರಲ್ಲಿ ಗಂಡಸರಷ್ಟೇ ಸಂಬಳವೂ ಸಿಕ್ಕಿತು. ಆ ಕಾಲದ ಬ್ರಿಟನ್ನಿನಲ್ಲಿ ಇದು ಬಹಳ ದೊಡ್ಡ ಗೆಲುವು.

ಇವರು ಕೆಲಸ ಮಾಡಿದ ರೀತಿಯನ್ನು ಹತ್ತಿರದಿಂದ ನೋಡಬೇಕು. ಬೆಳಗ್ಗೆ ಒಂದು ಚೀಟಿ ಕೈಗೆ ಬರುತ್ತದೆ: ಇಂಥ ವಿಮಾನ, ಇಲ್ಲಿಂದ ಅಲ್ಲಿಗೆ. ಆ ಮಾದರಿಯನ್ನು ಆಕೆ ಅದುವರೆಗೆ ಮುಟ್ಟಿಯೇ ಇಲ್ಲದಿರಬಹುದು. ಬೂಟಿನೊಳಗೋ ಜೇಬಿನೊಳಗೋ ತುರುಕಿಕೊಳ್ಳಬಹುದಾದ ಒಂದು ಪುಟ್ಟ ಕೈಪಿಡಿ ಇರುತ್ತದೆ. ಗಟ್ಟಿ ಕಾಗದದ ಕಾರ್ಡುಗಳನ್ನು ಉಂಗುರದಲ್ಲಿ ಪೋಣಿಸಿದ್ದು, ಒಂದೊಂದು ಮಾದರಿಗೆ ಒಂದೊಂದು ಕಾರ್ಡು. ಮೇಲೇರುವ ವೇಗ ಎಷ್ಟು, ಇಳಿಯುವ ವೇಗ ಎಷ್ಟು, ಚಕ್ರ ಇಳಿಸುವ ಹಿಡಿಕೆ ಎಲ್ಲಿ, ಇಂಧನದ ಕೀಲಿ ಯಾವ ಕಡೆ, ಎಲ್ಲ ಅದರಲ್ಲೇ. ಆಕೆ ವಿಮಾನದ ಪಕ್ಕ ನಿಂತು ಕಾರ್ಡು ಓದಿ, ಹತ್ತಿ, ಹಾರಿಸಿಕೊಂಡು ಹೋಗುತ್ತಿದ್ದಳು. ರೇಡಿಯೊ ಬಳಸುವಂತಿರಲಿಲ್ಲ, ದಾರಿ ಹೇಳುವವರು ಯಾರೂ ಇರಲಿಲ್ಲ. ಲೆಟಿಸ್ ಕರ್ಟಿಸ್ ನಾಲ್ಕು ಎಂಜಿನ್ನಿನ ಭಾರೀ ಬಾಂಬರ್‌ಗಳನ್ನೂ ಹೀಗೇ ಸಾಗಿಸಿದರು. ಡಯಾನಾ ಬಾರ್ನಾಟೊ ವಾಕರ್ ಒಬ್ಬರೇ 260 ಸ್ಪಿಟ್‌ಫೈರ್ ಫೈಟರ್ ವಿಮಾನ ತಲುಪಿಸಿದರು.

ಎಮಿ ಜಾನ್ಸನ್ ಕೂಡ ಈ ಸಂಸ್ಥೆಯವರೇ. 1930ರಲ್ಲಿ ಇಂಗ್ಲೆಂಡಿನಿಂದ ಆಸ್ಟ್ರೇಲಿಯಾಕ್ಕೆ ಒಬ್ಬರೇ ಹಾರುತ್ತ ಕರಾಚಿ, ಝಾನ್ಸಿ, ಕಲ್ಕತ್ತಾದಲ್ಲಿ ಇಳಿದು ಹೋದ ಅದೇ ಎಮಿ. 1941ರ ಜನವರಿ 5ರಂದು ವಿಮಾನ ತಲುಪಿಸಲು ಹೊರಟವರು ದಾರಿ ತಪ್ಪಿ ಥೇಮ್ಸ್ ಅಳಿವೆಯಲ್ಲಿ ಬಿದ್ದರು. ದೇಹ ಸಿಗಲೇ ಇಲ್ಲ. ಜಾನ್ಸ್‌ಗೆ ಎಮಿಯೂ ಪಾಲಿನ್‌ರೂ ಪರಿಚಿತರು, ವೊರಲ್ಸ್‌ಳಲ್ಲಿ ಇಬ್ಬರ ಛಾಯೆಯೂ ಇದೆ.

4. ವಿಮಾನದ ಹೆಸರು ಬಂದಾಗ ಕಣ್ಣು ಹಾರಿಸಬೇಡಿ.

ಹೆಸರು ಬಂತು ಅಂದರೆ ಪುಸ್ತಕ ಮಡಚಿ ಅದರ ಚಿತ್ರ ಹುಡುಕಿ ನೋಡಿ. ಎಷ್ಟು ಸೀಟು, ಎಷ್ಟು ಎಂಜಿನ್, ಇಳಿಯಲು ಎಷ್ಟು ಜಾಗ ಬೇಕು, ಇಷ್ಟು ತಿಳಿದರೆ ಸಾಕು. ಒಂದು ಸೀಟಿನ ವಿಮಾನದಲ್ಲಿ ಇಬ್ಬರು ತಪ್ಪಿಸಿಕೊಳ್ಳಬೇಕಾದ ಸನ್ನಿವೇಶ ಬಂದಾಗ ಎದೆ ಹೊಡೆದುಕೊಳ್ಳುವುದು ಇದು ಗೊತ್ತಿದ್ದವರಿಗೆ ಮಾತ್ರ.

ಈ ಹೆಸರುಗಳ ಜೊತೆ ನಮಗೆ ನಂಟೂ ಇದೆ. ಬ್ರಿಟಿಷ್ ವಾಯುಪಡೆಯ 129ನೇ ಸ್ಕ್ವಾಡ್ರನ್‌ಗೆ 'ಮೈಸೂರು' ಎಂದೇ ಹೆಸರಿತ್ತು. 1941ರಲ್ಲಿ ಕಟ್ಟಿದ ಈ ಸ್ಪಿಟ್‌ಫೈರ್ ದಳದ ಲಾಂಛನ ನಮ್ಮ ಗಂಡಭೇರುಂಡ. 264ನೇ ಸ್ಕ್ವಾಡ್ರನ್‌ನ ಹೆಸರು 'ಮದ್ರಾಸ್ ಪ್ರೆಸಿಡೆನ್ಸಿ' ಆಗಿತ್ತು. ಕಾದಂಬರಿಯಲ್ಲಿ ಸ್ಪಿಟ್‌ಫೈರ್ ದಳವೊಂದು ತಲೆಯ ಮೇಲೆ ಹಾದುಹೋದರೆ, ಅಂಥದ್ದೇ ಒಂದು ದಳ ಗಂಡಭೇರುಂಡದ ಗುರುತು ಹೊತ್ತು ಅದೇ ಆಕಾಶದಲ್ಲಿತ್ತು ಎನ್ನುವುದು ನೆನಪಿರಲಿ. ಬೆಂಗಳೂರಿನ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಹುಟ್ಟಿದ್ದೂ ಈ ಯುದ್ಧದ ನಡುವೆಯೇ, 1940ರ ಡಿಸೆಂಬರ್‌ನಲ್ಲಿ, ವಾಲ್‌ಚಂದ್ ಹೀರಾಚಂದ್ ಮತ್ತು ಮೈಸೂರು ಸಂಸ್ಥಾನದ ಬಂಡವಾಳದಿಂದ. ಊರಿಗೆ ಹೋದಾಗ ಎಚ್‌ಎಎಲ್ ಹಳೆಯ ವಿಮಾನ ನಿಲ್ದಾಣದ ರಸ್ತೆಯಲ್ಲಿರುವ ಅವರ ವೈಮಾನಿಕ ವಸ್ತುಸಂಗ್ರಹಾಲಯಕ್ಕೆ ಒಂದು ಮಧ್ಯಾಹ್ನ ಕೊಡಿ.

5. ಬೆಳದಿಂಗಳ ಗದ್ದೆಯಲ್ಲಿ ವಿಮಾನ ಇಳಿದರೆ ನೂರ್ ಅವರನ್ನು ನೆನೆಯಿರಿ.

ಶತ್ರುವಿನ ನೆಲದಲ್ಲಿ, ಬೆಳದಿಂಗಳಲ್ಲಿ, ಹುಲ್ಲುಗಾವಲಿನ ಮೇಲೆ ಪುಟ್ಟ ವಿಮಾನ ಇಳಿಸಿ ಒಬ್ಬರನ್ನು ಬಿಟ್ಟು ಇನ್ನೊಬ್ಬರನ್ನು ಹತ್ತಿಸಿಕೊಂಡು ಬರುವ ದೃಶ್ಯ ಇಂಥ ಕಾದಂಬರಿಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಕಟ್ಟುಕಥೆ ಅನ್ನಿಸಬಹುದು. ಲೈಸ್ಯಾಂಡರ್ ಎಂಬ ವಿಮಾನಗಳು ನಿಜವಾಗಿಯೂ ಇದನ್ನೇ ಮಾಡುತ್ತಿದ್ದವು. 1943ರ ಜೂನ್ ತಿಂಗಳ ಒಂದು ರಾತ್ರಿ ಹಾಗೆ ಫ್ರಾನ್ಸಿನಲ್ಲಿ ಇಳಿದವರಲ್ಲಿ ಟಿಪ್ಪು ಸುಲ್ತಾನನ ವಂಶದ ಹೆಣ್ಣುಮಗಳು ನೂರ್ ಇನಾಯತ್ ಖಾನ್ ಇದ್ದರು.

ನೂರ್ ಪೈಲಟ್ ಅಲ್ಲ. ಆದರೆ 1940ರಲ್ಲಿ ಅವರು ಸೇರಿದ್ದು ವೊರಲ್ಸ್‌ಳ ದಳವನ್ನೇ, ತೊಟ್ಟದ್ದು ಅದೇ ನೀಲಿ ಸಮವಸ್ತ್ರ. ತಂದೆ ಸೂಫಿ ಸಂಗೀತಗಾರ ಇನಾಯತ್ ಖಾನ್. ಯುದ್ಧಕ್ಕೆ ಮುಂಚೆ ನೂರ್ ಮಕ್ಕಳಿಗಾಗಿ ಬರೆಯುತ್ತಿದ್ದವರು, 1939ರಲ್ಲಿ ಇಪ್ಪತ್ತು ಜಾತಕ ಕಥೆಗಳ ಪುಸ್ತಕ ತಂದವರು. ವೈರ್‌ಲೆಸ್ ಆಪರೇಟರ್ ಆಗಿ ಬ್ರಿಟಿಷ್ ಗುಪ್ತದಳ ಫ್ರಾನ್ಸಿಗೆ ಕಳಿಸಿದ ಮೊದಲ ಮಹಿಳೆ ಅವರು. ಪ್ಯಾರಿಸ್‌ನಲ್ಲಿ ಜೊತೆಗಾರರೆಲ್ಲ ಒಬ್ಬೊಬ್ಬರಾಗಿ ಸೆರೆಸಿಕ್ಕರೂ ಮರಳಿ ಹೋಗಲು ಒಪ್ಪದೆ, ಮನೆಯಿಂದ ಮನೆಗೆ ಬದಲಾಯಿಸುತ್ತ ಸುದ್ದಿ ಕಳಿಸಿದರು. ಅಕ್ಟೋಬರ್‌ನಲ್ಲಿ ಜರ್ಮನ್ನರು ಅವರನ್ನು ಹಿಡಿದರು. 1944ರ ಸೆಪ್ಟೆಂಬರ್ 13ರಂದು ದಾಖಾವ್ ಶಿಬಿರದಲ್ಲಿ ಕೊಂದರು. 1949ರಲ್ಲಿ ಬ್ರಿಟನ್ ಅವರಿಗೆ ಜಾರ್ಜ್ ಕ್ರಾಸ್ ನೀಡಿತು.

ಕಾದಂಬರಿಯ ವೊರಲ್ಸ್ ಪ್ರತಿ ಸಲವೂ ಬದುಕಿ ಬರುತ್ತಾಳೆ. ಆ ಸುಖಾಂತ್ಯ ಎಷ್ಟು ಜನರಿಗೆ ಸಿಗಲಿಲ್ಲ ಎನ್ನುವ ಅರಿವಿನಿಂದ ಓದುವುದೇ ಸರಿಯಾದ ಓದು.

6. ಪ್ರೇಮಕಥೆ ಹುಡುಕಬೇಡಿ.

ಬಿಲ್ ಆ್ಯಶ್ಟನ್ ಎಂಬ ಪೈಲಟ್‌ಗೆ ವೊರಲ್ಸ್ ಮೇಲೆ ಮನಸ್ಸಿದೆ. ಅವಳಿಗೆ ಕೆಲಸವಿದೆ. ಹನ್ನೊಂದು ಪುಸ್ತಕ ಮುಗಿದರೂ ಮದುವೆಯ ಮಾತಿಲ್ಲ. 1940ರ ದಶಕದಲ್ಲಿ ಹುಡುಗಿಯರಿಗೆಂದೇ ಬರೆದ ಕಥೆಯಲ್ಲಿ ಇದು ಸಣ್ಣ ವಿಷಯವಲ್ಲ.

7. ಅಡ್ಯಾರನ್ನು ಪೈಲಟ್‌ನ ಕಣ್ಣಿನಿಂದ ನೋಡುವುದನ್ನು ರೂಢಿ ಮಾಡಿಕೊಳ್ಳಿ.

ಈ ಕಾದಂಬರಿಗಳ ನಾಯಕಿಯರಿಗೂ ಎ.ಟಿ.ಎ. ಹೆಂಗಸರಿಗೂ ದಾರಿ ತೋರಿದ್ದು ಕಾಗದದ ನಕ್ಷೆ, ನದಿ, ರೈಲುಹಳಿ, ಚರ್ಚಿನ ಗೋಪುರ. ಅದರ ಕಷ್ಟ ಮತ್ತು ಸೊಗಸು ತಿಳಿಯಬೇಕಾದರೆ ನೀವಿರುವ ಜಾಗದಲ್ಲೇ ಅಭ್ಯಾಸ ಮಾಡಬೇಕು.

ಅಡ್ಯಾರ್ ಇದಕ್ಕೆ ಹೇಳಿಮಾಡಿಸಿದ ಜಾಗ. ನಕ್ಷೆ ತೆರೆದು ನದಿಯನ್ನು ಹಿಡಿಯಿರಿ. ಪಶ್ಚಿಮದಿಂದ ಬಂದು, ಮೀನಂಬಾಕಂ ವಿಮಾನ ನಿಲ್ದಾಣದ ಎರಡನೇ ರನ್‌ವೇಯ ಕೆಳಗೇ ನುಸುಳಿ (ಆ ರನ್‌ವೇ ಅಲ್ಲಿ ನದಿಯ ಮೇಲೆ ಸೇತುವೆಯಾಗಿ ನಿಂತಿದೆ), ಸೈದಾಪೇಟೆ, ಕೋಟೂರುಪುರಂ ದಾಟಿ, ಥಿಯಾಸಾಫಿಕಲ್ ಸೊಸೈಟಿಯ ದಟ್ಟ ಹಸಿರಿನ ಬದಿಯಲ್ಲಿ ಅಗಲವಾಗಿ ಸಮುದ್ರ ಸೇರುತ್ತದೆ. ಅಳಿವೆಯ ಹತ್ತಿರ ಮುರಿದು ನಿಂತ ಸೇತುವೆ, ದಕ್ಷಿಣಕ್ಕೆ ಎಲಿಯಟ್ಸ್ ಬೀಚಿನ ಮೇಲೆ ಬಿಳಿಯ ಶ್ಮಿಡ್ಟ್ ಸ್ಮಾರಕ. ರೇಡಿಯೊ ಇಲ್ಲದ ಪೈಲಟ್‌ಗೆ ಇವೇ ಕೈಕಂಬಗಳು. ಸಮುದ್ರದ ಕಡೆಯಿಂದ ಇಳಿಯುವ ವಿಮಾನಗಳು ಈಗಲೂ ಈ ಅಳಿವೆಯ ಆಸುಪಾಸಿನಲ್ಲೇ ಒಳನಾಡಿಗೆ ಹೊರಳುತ್ತವೆ. ಸಂಜೆ ದಂಡೆಯಲ್ಲಿ ಕೂತವರು ಅವು ಒಂದರ ಹಿಂದೊಂದು ದೀಪ ಹೊತ್ತಿಸಿಕೊಂಡು ಬರುವುದನ್ನು ಕಾಣಬಹುದು. ದೀಪವಿಲ್ಲದೆ, ದಟ್ಟ ಮಂಜಿನಲ್ಲಿ, ಕೆಳಗಿನ ಊರೆಲ್ಲ ಕತ್ತಲು ಮಾಡಿಕೊಂಡಿರುವಾಗ ಇಳಿಯಬೇಕಾಗಿದ್ದರೆ ಹೇಗಿರುತ್ತಿತ್ತು ಎಂದು ಅಲ್ಲೇ ಕೂತು ಯೋಚಿಸಿ, ಆಮೇಲೆ ಮುಂದಿನ ಅಧ್ಯಾಯ ತೆರೆಯಿರಿ.

ಇನ್ನೊಂದು ವಿಷಯ. ಜೆ.ಆರ್.ಡಿ. ಟಾಟಾ 1932ರ ಅಕ್ಟೋಬರ್ 15ರಂದು ಕರಾಚಿಯಿಂದ ಮುಂಬಯಿಗೆ ಅಂಚೆ ಹೊತ್ತು ಹಾರಿದರಲ್ಲ, ಮುಂಬಯಿಯಿಂದ ಆಚೆಗಿನ ದಾರಿಯನ್ನು ಹಾರಿದವರು ನೆವಿಲ್ ವಿನ್‌ಸೆಂಟ್. ಆ ವಿಮಾನ ನಮ್ಮ ಬಳ್ಳಾರಿಯಲ್ಲಿ ಇಳಿದು ಮದ್ರಾಸಿಗೆ ಬಂತು. ಬಳ್ಳಾರಿಯಿಂದ ಮದ್ರಾಸಿನವರೆಗೆ ಪೈಲಟ್ ಏನೇನು ಗುರುತು ನೋಡಿಕೊಂಡು ಬಂದಿರಬಹುದೆಂದು ನಕ್ಷೆಯಲ್ಲಿ ಬೆರಳಿಟ್ಟು ಹುಡುಕುವುದು ಮಕ್ಕಳಿಗೆ ರಜೆಯಲ್ಲಿ ಒಳ್ಳೆಯ ಕೆಲಸ.

8. ಮದ್ರಾಸಿನ ಯುದ್ಧಕಾಲವನ್ನು ಹಿರಿಯರಿಂದ ಕೇಳಿಸಿಕೊಳ್ಳಿ.

ಯುದ್ಧ ಎಲ್ಲೋ ಯುರೋಪಿನದು ಅಂತ ಅಂದುಕೊಂಡು ಓದಿದರೆ ಅರ್ಧ ಸ್ವಾರಸ್ಯ ಹೋಯಿತು. 1942ರ ಏಪ್ರಿಲ್‌ನಲ್ಲಿ ಜಪಾನೀಯರು ಕೊಲಂಬೊ ಮೇಲೆ, ಮರುದಿನ ವಿಶಾಖಪಟ್ಟಣ ಮತ್ತು ಕಾಕಿನಾಡದ ಮೇಲೆ ಬಾಂಬ್ ಹಾಕಿದರು. ಮದ್ರಾಸ್ ಖಾಲಿಯಾಯಿತು. ಸರ್ಕಾರಿ ಕಚೇರಿಗಳು ಒಳನಾಡಿಗೆ ಹೋದವು. ಬೋನು ಒಡೆದು ಹೊರಬಂದಾವು ಎಂಬ ಭಯದಿಂದ ಮೃಗಾಲಯದ ಕ್ರೂರಮೃಗಗಳನ್ನು ಗುಂಡಿಟ್ಟು ಕೊಂದರು. 1943ರ ಅಕ್ಟೋಬರ್‌ನಲ್ಲಿ ಒಂಟಿ ಜಪಾನೀ ವಿಮಾನವೊಂದು ನಗರದ ಮೇಲೆ ಬಂದು ಬಾಂಬ್ ಹಾಕಿ ಹೋಯಿತು, ಹಾನಿ ದೊಡ್ಡದಿರಲಿಲ್ಲ.

ಆಗ ಮಗುವಾಗಿದ್ದವರಿಗೆ ಈಗ ತೊಂಬತ್ತರ ಹತ್ತಿರ. ಮನೆಯಲ್ಲಿ ಅಂಥ ಅಜ್ಜಿಯೋ ತಾತನೋ ಇದ್ದರೆ ಕಿಟಕಿಗೆ ಕಪ್ಪು ಕಾಗದ ಅಂಟಿಸಿದ್ದು, ಸೈರನ್ ಕೂಗಿದ್ದು, ಗಂಟುಮೂಟೆ ಕಟ್ಟಿಕೊಂಡು ಊರಿಗೆ ರೈಲು ಹತ್ತಿದ್ದು, ಏನೇನು ನೆನಪಿದೆಯೋ ಕೇಳಿ. ಕೇಳಿದ್ದನ್ನು ಬರೆದಿಡಿ. ಈ ಕೆಲಸ ಮುಂದೂಡುವಂಥದ್ದಲ್ಲ.

9. ಹಾರಲಾಗದೆ ಉಳಿದವರ ಹೆಸರೂ ಗೊತ್ತಿರಲಿ.

ಯುದ್ಧ ಇಂಗ್ಲೆಂಡಿನ ಕೆಲವು ಹೆಂಗಸರ ಕೈಗೆ ವಿಮಾನ ಕೊಟ್ಟಿತು. ನಮ್ಮಲ್ಲಿ ಅದೇ ಯುದ್ಧ ಕಿತ್ತುಕೊಂಡಿತು. ಸರಳಾ ಠಕ್ರಾಲ್ 1936ರಲ್ಲಿ, 21ರ ವಯಸ್ಸಿನಲ್ಲಿ, ಲಾಹೋರಿನಲ್ಲಿ ಸೀರೆಯುಟ್ಟು ಜಿಪ್ಸಿ ಮಾತ್ ವಿಮಾನ ಹಾರಿಸಿ ಲೈಸೆನ್ಸ್ ಪಡೆದವರು. ಆಗಲೇ ಒಂದು ಮಗುವಿನ ತಾಯಿ. ಪೈಲಟ್ ಆಗಿದ್ದ ಗಂಡ 1939ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಸರಳಾ ಅಷ್ಟಕ್ಕೇ ನಿಲ್ಲದೆ ವಾಣಿಜ್ಯ ಪೈಲಟ್ ಆಗಲು ಜೋಧಪುರಕ್ಕೆ ಹೊರಟರು. ಯುದ್ಧ ಶುರುವಾಗಿ ನಾಗರಿಕ ತರಬೇತಿಯೇ ನಿಂತುಹೋಯಿತು. ಮತ್ತೆ ಆ ದಾರಿ ತೆರೆಯಲಿಲ್ಲ. ಚಿತ್ರಕಲೆ, ಆಭರಣ ವಿನ್ಯಾಸದ ಕಡೆ ಹೊರಳಿ ಅಲ್ಲಿ ಹೆಸರು ಮಾಡಿದರು. ವೊರಲ್ಸ್ ಓದಿ ಮುಗಿಸಿದ ದಿನವೇ ಸರಳಾ ಅವರ ಬದುಕನ್ನೂ ಓದಿ. ಸಾಮ್ರಾಜ್ಯದ ಒಂದೇ ಯುದ್ಧ ಎರಡು ಕಡೆ ಎಷ್ಟು ಬೇರೆಯಾಗಿ ನಡೆದುಕೊಂಡಿತು ಎಂಬುದು ಕಣ್ಣಿಗೆ ಕಟ್ಟುತ್ತದೆ.

10. ಕಹಿ ಪುಟಗಳನ್ನು ಹಾರಿಸಬೇಡಿ, ಸಮರ್ಥಿಸಲೂ ಬೇಡಿ.

ಜಾನ್ಸ್ ತಮ್ಮ ಕಾಲದ ಬ್ರಿಟಿಷರು. ಕಥೆ ಅರಬ್ಬರ ನಾಡಿಗೆ ಹೋಗುವ 'ವೊರಲ್ಸ್ ಗೋಸ್ ಈಸ್ಟ್' ಮತ್ತು ಪೆಸಿಫಿಕ್‌ಗೆ ಹೋಗುವ 'ವೊರಲ್ಸ್ ಆಫ್ ದ ಐಲಂಡ್ಸ್' ಪುಸ್ತಕಗಳಲ್ಲಿ ಬಿಳಿಯರಲ್ಲದವರನ್ನು ಕಾಣುವ ದೃಷ್ಟಿ ಇಂದು ಓದಲು ನೋವಾಗುವಂತಿದೆ. ಹೆಣ್ಣನ್ನು ಕೀಳುಮಾಡುವ ಮಾತಿಗೆ ಕೆರಳುವ ಅದೇ ನಾಯಕಿಗೆ ಇನ್ನೊಬ್ಬರ ಬಣ್ಣವನ್ನು ಕೀಳುಮಾಡುವ ಮಾತು ಕೇಳಿಸುವುದೇ ಇಲ್ಲ. ಮಕ್ಕಳ ಜೊತೆ ಓದುವಾಗ ಆ ಪುಟದಲ್ಲಿ ನಿಲ್ಲಿ, ಇದು ತಪ್ಪು ಅಂತ ನೇರವಾಗಿ ಹೇಳಿ, ಯಾಕೆ ಎಂದು ಮಾತಾಡಿ. ಈ ಎರಡು ಪುಸ್ತಕಗಳನ್ನು ಹತ್ತು ವರ್ಷದ ಮಗುವಿನ ಕೈಗೆ ಒಂಟಿಯಾಗಿ ಕೊಡುವುದು ಬೇಡ ಎನ್ನುವುದೇ ನನ್ನ ನಿಲುವು.

11. ಹುಡುಕುವ ಜಾಗ, ಕಾಪಾಡುವ ಬಗೆ ಗೊತ್ತಿರಲಿ.

ಮದ್ರಾಸಿನಲ್ಲಿ ಹಳೆಯ ಪುಸ್ತಕ ಅಂದರೆ ಮೂರ್ ಮಾರ್ಕೆಟ್. ಅದು 1985ರ ಬೆಂಕಿಯಲ್ಲಿ ಹೋಯಿತು. ಈಗ ತಿರುವಲ್ಲಿಕ್ಕೇಣಿಯ ಪೈಕ್ರಾಫ್ಟ್ಸ್ ರಸ್ತೆಯ ಕಾಲುದಾರಿ ಅಂಗಡಿಗಳಲ್ಲಿ ತಾಳ್ಮೆಯಿಂದ ಕೆದಕಬೇಕು. 1812ರಲ್ಲಿ ಆರಂಭವಾದ ಮದ್ರಾಸ್ ಲಿಟರರಿ ಸೊಸೈಟಿ ನುಂಗಂಬಾಕಂನ ಕಾಲೇಜು ರಸ್ತೆಯಲ್ಲಿದೆ, ಸದಸ್ಯರಾದರೆ ಆ ಎತ್ತರದ ಕಪಾಟುಗಳ ನಡುವೆ ಹುಡುಕುವ ಸುಖವೇ ಬೇರೆ. ಎಗ್ಮೋರಿನ ಕನ್ನಿಮರಾ ಗ್ರಂಥಾಲಯವೂ, ಅಡ್ಯಾರಿಗೆ ಹತ್ತಿರದ ಕೋಟೂರುಪುರಂನಲ್ಲಿ 2010ರಲ್ಲಿ ತೆರೆದ ಅಣ್ಣಾ ಶತಮಾನೋತ್ಸವ ಗ್ರಂಥಾಲಯವೂ ವಿಮಾನಯಾನದ ಚರಿತ್ರೆ ಓದಲು ಒದಗುತ್ತವೆ. ಮೊದಲ ಮೂರು ವೊರಲ್ಸ್ 2013ರಲ್ಲಿ ಮರುಮುದ್ರಣವಾಗಿವೆ.

ಯುದ್ಧಕಾಲದ ಪ್ರತಿ ಸಿಕ್ಕರೆ ಶೀರ್ಷಿಕೆಪುಟದ ಹಿಂಬದಿ ನೋಡಿ. ತೆರೆದ ಪುಸ್ತಕದ ಮೇಲೆ ಕೂತ ಸಿಂಹದ ಪುಟ್ಟ ಮುದ್ರೆ ಇದ್ದರೆ ಅದು ಕಾಗದದ ಬರಗಾಲದಲ್ಲಿ, ಸರ್ಕಾರದ ಮಿತವ್ಯಯದ ನಿಯಮದಂತೆ ಅಚ್ಚಾದ ಪ್ರತಿ. ಕಾಗದ ತೆಳು, ಅಂಚು ಇಕ್ಕಟ್ಟು, ಅಕ್ಷರ ಸಣ್ಣದು. ಹಾಳೆ ಹಪ್ಪಳದಂತೆ ಮುರಿಯುತ್ತದೆ, ಪೂರ್ತಿ ಬಿಡಿಸಿ ಮಗುಚಬೇಡಿ. ಸಮುದ್ರದ ಉಪ್ಪುಗಾಳಿಯ ಅಡ್ಯಾರಿನಲ್ಲಿ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಪುಸ್ತಕಕ್ಕೆ ಬೂಷ್ಟು ಹಿಡಿಯುವುದು ಖಂಡಿತ. ಕಪಾಟನ್ನು ಹೊರಗೋಡೆಗೆ ಅಂಟಿಸದೆ ಒಂದು ಗೇಣು ಜಾಗ ಬಿಡಿ, ಪುಸ್ತಕಗಳನ್ನು ಒತ್ತೊತ್ತಾಗಿ ತುರುಕಬೇಡಿ, ಒಣಗಿದ ಬೇವಿನೆಲೆ ಹಾಕಿ, ಮಳೆ ಬಿಟ್ಟ ದಿನ ನೆರಳಿನಲ್ಲಿ ಗಾಳಿಗಿಡಿ. ನೇರ ಬಿಸಿಲು ಬೇಡವೇ ಬೇಡ.

12. ಗಂಡುಮಕ್ಕಳಿಗೂ ಕೊಡಿ.

ಬಿಗಲ್ಸ್ ಓದಿ ಬೆಳೆದ ಹುಡುಗಿಯರು ಎಷ್ಟೋ ಮಂದಿ. ವೊರಲ್ಸ್ ಓದುವ ಹುಡುಗರೂ ಇರಲಿ.

13. ಒಬ್ಬ ಲೇಖಕನಿಗೇ ನಿಲ್ಲಬೇಡಿ.

ಸೋವಿಯತ್ ರಷ್ಯಾದಲ್ಲಿ ಹೆಂಗಸರದೇ ಬಾಂಬರ್ ದಳವಿತ್ತು. ಮರ, ಬಟ್ಟೆಯಿಂದ ಮಾಡಿದ ನಿಧಾನದ ಪೊ-2 ವಿಮಾನದಲ್ಲಿ, ಗುರಿಯ ಹತ್ತಿರ ಎಂಜಿನ್ ಸದ್ದಡಗಿಸಿ ಜಾರುತ್ತ ಬಂದು ರಾತ್ರಿಯಿಡೀ ಬಾಂಬ್ ಹಾಕುತ್ತಿದ್ದ ಅವರನ್ನು ಜರ್ಮನ್ನರು ರಾತ್ರಿಯ ಮಾಟಗಾತಿಯರು ಅಂದರು. ಅಮೆರಿಕದ ಮಹಿಳಾ ಪೈಲಟ್ ದಳದಲ್ಲಿ 38 ಮಂದಿ ಪ್ರಾಣ ಕೊಟ್ಟರು. ಎ.ಟಿ.ಎ.ಯ ಜಾಕಿ ಮೊಗ್ರಿಜ್ ಯುದ್ಧ ಮುಗಿದು ಸುಮಾರು ಹತ್ತು ವರ್ಷದ ಮೇಲೂ ಸ್ಪಿಟ್‌ಫೈರ್‌ಗಳನ್ನು ಭಾರತದ ಮೇಲಿಂದ ಬರ್ಮಾಕ್ಕೆ ತಲುಪಿಸಿದರು, ಅವರ ಆತ್ಮಕಥೆ ಯಾವ ಕಾದಂಬರಿಗೂ ಸಮ. ಈ ಕಾಲದವರಲ್ಲಿ, ತಾವೇ ಪೈಲಟ್ ಆಗಿರುವ ಎಲಿಜಬೆತ್ ವೀನ್ 2012ರಲ್ಲಿ ಬರೆದ 'ಕೋಡ್ ನೇಮ್ ವೆರಿಟಿ' ನನಗೆ ವೊರಲ್ಸ್‌ಗಿಂತಲೂ ದೊಡ್ಡ ಕೃತಿ ಅನ್ನಿಸುತ್ತದೆ. ದೊಡ್ಡ ಮಕ್ಕಳಿಗೆ ಮಾತ್ರ, ಚಿತ್ರಹಿಂಸೆಯ ಭಾಗಗಳಿವೆ.

14. ಕೊನೆಗೆ ಉಷಾ ಸುಂದರಂ ಅವರ ಕಥೆಗೆ ಬನ್ನಿ.

ಇಷ್ಟೆಲ್ಲ ಓದಿ ಬಂದವರಿಗೆ ಇದು ಬಹುಮಾನ. ಮದ್ರಾಸಿನ ಪೈಲಟ್ ಕ್ಯಾಪ್ಟನ್ ವಿ. ಸುಂದರಂ ಮೈಸೂರು ಮಹಾರಾಜರ ವಿಮಾನ ಹಾರಿಸಲು ಬೆಂಗಳೂರಿಗೆ ಹೋದಾಗ ಜೊತೆಗೆ ಹೋದ ಹೆಂಡತಿ ಉಷಾ ಸುಮ್ಮನೆ ಕೂರಲಿಲ್ಲ. ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಸೇರಿದರು. 1949ರಲ್ಲಿ ಅಲ್ಲಿಂದ ತೇರ್ಗಡೆಯಾದ ಮೊದಲ ಪೈಲಟ್ ಅವರೇ. ಮಹಾರಾಜರ ಡಕೋಟಾದಲ್ಲಿ ಗಂಡನ ಪಕ್ಕದ ಸೀಟಿನಲ್ಲಿ ಸಹಪೈಲಟ್ ಆದರು. ಹೊಸ ದೇಶ ಕಟ್ಟುತ್ತಿದ್ದ ನೆಹರೂ, ಪಟೇಲರಂಥ ನಾಯಕರು ಆ ವಿಮಾನದಲ್ಲಿ ಓಡಾಡಿದರು.

1951ರಲ್ಲಿ ಮದ್ರಾಸ್ ಸರ್ಕಾರ ಇಂಗ್ಲೆಂಡಿನಿಂದ ಡೆ ಹ್ಯಾವಿಲಂಡ್ ಡವ್ ವಿಮಾನ ಕೊಂಡಿತು. ತರಲು ಹೋದವರು ಈ ದಂಪತಿ. ಇಂಗ್ಲೆಂಡಿನಿಂದ ಮುಂಬಯಿಗೆ 27 ಗಂಟೆಗಳ ಹಾರಾಟದಲ್ಲಿ ತಂದು ಇಳಿಸಿ ದಾಖಲೆ ಮಾಡಿದರು. ಹೊಸ ವಿಮಾನವನ್ನು ಕಾರ್ಖಾನೆಯ ಊರಿನಿಂದ ಸೇರಬೇಕಾದ ನೆಲೆಗೆ ಮುಟ್ಟಿಸುವ ಕೆಲಸ, ಅಂದರೆ ಎ.ಟಿ.ಎ. ಹೆಂಗಸರು ಮಾಡಿದ ಅದೇ ಕೆಲಸ. ದಾರಿ ಮಾತ್ರ ಎಷ್ಟೋ ಪಾಲು ಉದ್ದ. ಮುಂದೆ ಮದ್ರಾಸಿನಲ್ಲಿ, ಮಳೆನೀರಿನಲ್ಲಿ ಸಿಕ್ಕಿದ್ದ ನಾಯಿಮರಿಗಳನ್ನು ಮನೆಗೆ ತಂದು ಸಾಕಿದ್ದರಿಂದ ಶುರುವಾಗಿ ಇದೇ ಕುಟುಂಬ 1959ರಲ್ಲಿ ಬ್ಲೂ ಕ್ರಾಸ್ ಆಫ್ ಇಂಡಿಯಾ ಕಟ್ಟಿತು. ಅಡ್ಯಾರಿನಿಂದ ವೇಳಚೇರಿ ಕಡೆ ಹೋಗುವವರು ಗಿಂಡಿಯಲ್ಲಿ ಅದರ ಬೋರ್ಡು ನೋಡಿಯೇ ಇರುತ್ತಾರೆ. ಉಷಾ 2010ರಲ್ಲಿ ತೀರಿಕೊಂಡರು. ಆರು ವರ್ಷದ ಮೇಲೆ, 2016ರಲ್ಲಿ, ಭಾರತೀಯ ವಾಯುಪಡೆಗೆ ಮೊದಲ ಮೂವರು ಮಹಿಳಾ ಫೈಟರ್ ಪೈಲಟ್‌ಗಳು ಸೇರಿದರು. ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ ಜೆಟ್ ವಿಮಾನದ ಮುಂದಿನ ತರಬೇತಿ ಪಡೆದದ್ದು ನಮ್ಮ ಬೀದರಿನಲ್ಲಿ.

ಜಕ್ಕೂರಿನ ಮೈದಾನ, ಮೈಸೂರಿನ ಡಕೋಟಾ, ಇಂಗ್ಲೆಂಡಿನಿಂದ ಮುಂಬಯಿವರೆಗಿನ ಆ 27 ಗಂಟೆ: ಒಂದು ಒಳ್ಳೆಯ ಸಾಹಸ ಕಾದಂಬರಿಗೆ ಬೇಕಾದದ್ದೆಲ್ಲ ಇಲ್ಲಿದೆ. ಬರೆಯಬಲ್ಲ ಕನ್ನಡಿಗರು ಚೆನ್ನೈಯಲ್ಲೂ ಬೆಂಗಳೂರಿನಲ್ಲೂ ಇದ್ದಾರೆ. ಹತ್ತು-ಹನ್ನೆರಡು ವರ್ಷದ ಮಕ್ಕಳು ಒಂದೇ ಗುಕ್ಕಿನಲ್ಲಿ ಓದಿ ಮುಗಿಸುವಂತೆ ಅದನ್ನು ಯಾರಾದರೂ ಕನ್ನಡದಲ್ಲಿ ಬರೆಯಿರಿ, ನಾನು ಮೊದಲ ಪ್ರತಿ ಕೊಳ್ಳುತ್ತೇನೆ.